ಮೊದಲ ಸಲ ವಾಟರ್ ಕೂಲಿಂಗ್ ಪಿಸಿ: ಪಾರ್ಟ್ಸ್ ಲಿಸ್ಟ್ ನೋಡಿ ಹೇಳ್ತೀರಾ?

ಮೇಲ್ಮಹಡಿ_ವಿಜಯನಗರ

ಎಲ್ಲರಿಗೂ ನಮಸ್ಕಾರ. ಹೊಸ ಪಿಸಿ ಕಟ್ಟಬೇಕು ಅಂತ ಇದ್ದೇನೆ, ಈ ಸಲ ವಾಟರ್ ಕೂಲಿಂಗ್ ಮಾಡಿಯೇ ಬಿಡೋಣ ಅಂತ ಆಸೆ. ಇದುವರೆಗೆ ಫ್ಯಾನ್ ಕೂಲರ್ ಬಿಟ್ಟು ಬೇರೇನೂ ಮುಟ್ಟಿಲ್ಲ. ಹಗಲು ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ ರೆಂಡರ್ (3ಡಿ ದೃಶ್ಯವನ್ನು ಚಿತ್ರವಾಗಿ ತೆಗೆಯುವ) ಕೆಲಸ, ರಾತ್ರಿ ಗೇಮ್. ನಮ್ಮದು ಬೆಂಗಳೂರಿನ ವಿಜಯನಗರದಲ್ಲಿ ಮೇಲಿನ ಮಹಡಿ, ತಲೆ ಮೇಲೆ ಬರೀ ಆರ್‌ಸಿಸಿ. ಮಾರ್ಚ್ ಬಂತು ಅಂದರೆ ರೂಮಿನಲ್ಲಿ ಕೂರೋದೇ ಕಷ್ಟ. ಎಸಿ ಇಲ್ಲ, ಹಾಕಿಸುವ ಯೋಚನೆಯೂ ಇಲ್ಲ. ಈಗಿರುವ ಪಿಸಿ ರೆಂಡರ್‌ಗೆ ಕೂತರೆ ಸಾಕು, ಫ್ಯಾನ್ ಸದ್ದಿಗೆ ಪಕ್ಕದ ರೂಮಿನಿಂದ ಅಮ್ಮ ಬೈಯುತ್ತಾರೆ.

ಲಿಸ್ಟ್ ಇದು. ಪ್ರೊಸೆಸರ್ ರೈಜನ್ 9 9950ಎಕ್ಸ್, ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 5070 ಟಿಐ, 64 ಜಿಬಿ ಡಿಡಿಆರ್5 ರ‍್ಯಾಮ್, 850 ವ್ಯಾಟ್ ಗೋಲ್ಡ್ ಪವರ್ ಸಪ್ಲೈ. ಕೂಲಿಂಗ್‌ಗೆ ಅಂತಲೇ 50 ಸಾವಿರ ಎತ್ತಿಟ್ಟಿದ್ದೇನೆ. ಪ್ರೊಸೆಸರ್‌ಗೆ ಮಾತ್ರ ನೀರು, ಒಂದು 240 ಮಿಮೀ ರೇಡಿಯೇಟರ್ (ನೀರಿನ ಬಿಸಿಯನ್ನು ಗಾಳಿಗೆ ಬಿಡುವ ಭಾಗ), ಗಟ್ಟಿ ಪಾರದರ್ಶಕ ಟ್ಯೂಬ್, ಒಳಗೆ ಬಿಳಿ ಲಿಕ್ವಿಡ್, ಫೋಟೋದಲ್ಲಿ ತುಂಬಾ ಚೆನ್ನಾಗಿ ಕಾಣುತ್ತದೆ. ಆನ್‌ಲೈನಲ್ಲಿ ಅಲ್ಯೂಮಿನಿಯಂ ರೇಡಿಯೇಟರ್ ಅಗ್ಗಕ್ಕೆ ಸಿಗುತ್ತಿದೆ, ಅದನ್ನೇ ತಗೊಳ್ಳಲಾ? ರೂಮಿನ ಸೆಕೆಯೂ ಸ್ವಲ್ಪ ಕಡಿಮೆ ಆಗಬಹುದು ಅಲ್ವಾ?

ಫ್ಯಾನ್_ಸಾಕು

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ರೂಮಿನ ಸೆಕೆ ಒಂದು ಚೂರೂ ಕಡಿಮೆ ಆಗಲ್ಲ. 9950ಎಕ್ಸ್ ಪೂರ್ತಿ ದುಡಿಯುವಾಗ ಸುಮಾರು 200 ವ್ಯಾಟ್ ಎಳೆಯುತ್ತದೆ, ಕಾರ್ಡ್ 300 ವ್ಯಾಟ್. ಎರಡೂ ಸೇರಿದರೆ ಸಣ್ಣ ರೂಮ್ ಹೀಟರನ್ನು ಅರ್ಧಕ್ಕೆ ಇಟ್ಟು ಕೂತ ಹಾಗೆ. ಫ್ಯಾನ್ ಇರಲಿ, ನೀರಿರಲಿ, ಆ ಬಿಸಿಯೆಲ್ಲ ಕೊನೆಗೆ ನಿಮ್ಮ ರೂಮಿಗೇ ಬರಬೇಕು. ನೀರು ಅದನ್ನು ಚಿಪ್ ಹತ್ತಿರದಿಂದ ರೇಡಿಯೇಟರ್‌ವರೆಗೆ ಸಾಗಿಸುತ್ತದೆ, ಅಷ್ಟೇ ಅದರ ಕೆಲಸ.

ಇನ್ನೊಂದು ಮಾತು. ನೀರು ರೂಮಿನ ಗಾಳಿಗಿಂತ ತಣ್ಣಗೆ ಆಗುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಬೆಂಗಳೂರಲ್ಲೇ 38 ಡಿಗ್ರಿ ದಾಟಿತ್ತು, ನೆನಪಿದೆಯಲ್ಲ. ಅಂಥ ದಿನ ನೀರು ಅದಕ್ಕಿಂತ ಹತ್ತು ಹನ್ನೆರಡು ಡಿಗ್ರಿ ಜಾಸ್ತಿಯೇ ಇರುತ್ತದೆ.

ಪ್ರೊಸೆಸರ್‌ಗೆ ಮಾತ್ರ ಅಂದರೆ ಕಸ್ಟಮ್ ಲೂಪ್ (ಬಿಡಿಭಾಗ ತಂದು ನಾವೇ ಜೋಡಿಸುವುದು) ಸುಮ್ನೆ ದುಡ್ಡು ದಂಡ. ಒಳ್ಳೆಯ 360 ಎಐಒ (ಕಂಪನಿಯೇ ನೀರು ತುಂಬಿ ಸೀಲ್ ಮಾಡಿ ಕೊಡುವ ಕೂಲರ್) ಒಂದನ್ನು ತಗೊಳ್ಳಿ, ಮೇಲ್ಗಡೆ ಹಾಕಿ, ಮುಗೀತು. ಆರ್ಕ್ಟಿಕ್ ಲಿಕ್ವಿಡ್ ಫ್ರೀಜರ್ 3 ನೋಡಿ, ನಿಮ್ಮ 9950ಎಕ್ಸ್ ಥರದ ಎಎಂ5 ಚಿಪ್‌ನ ಬಿಸಿ ಜಾಗದ ಮೇಲೆ ಸರಿಯಾಗಿ ಕೂರಲಿ ಅಂತ ಸ್ವಲ್ಪ ಪಕ್ಕಕ್ಕೆ ಸರಿಸಿದ ಮೌಂಟ್ ಕೊಡುತ್ತಾರೆ. ಆದರೆ ಅದರ ರೇಡಿಯೇಟರ್ 38 ಮಿಮೀ ದಪ್ಪ, ಕೇಸ್‌ನಲ್ಲಿ ಜಾಗ ಅಳೆದು ತಗೊಳ್ಳಿ. ಜೊತೆಗೆ ಬಯೋಸ್‌ನಲ್ಲಿ ಇಕೋ ಮೋಡ್ (ಪ್ರೊಸೆಸರ್ ಎಳೆಯುವ ಕರೆಂಟ್‌ಗೆ ಮಿತಿ ಹಾಕುವ ಸೆಟ್ಟಿಂಗ್) 105 ವ್ಯಾಟ್‌ಗೆ ಇಟ್ಟುಬಿಡಿ, ಹೆಸರಲ್ಲಿ 105 ಇದ್ದರೂ ಆಗ ಅದು ಎಳೆಯೋದು ಹೆಚ್ಚೆಂದರೆ 142 ವ್ಯಾಟ್. ರೆಂಡರ್ ಒಂದಿಷ್ಟು ನಿಧಾನ ಆಗುತ್ತದೆ, ಸದ್ದು ಮತ್ತು ಸೆಕೆ ಮಾತ್ರ ಎದ್ದು ಕಾಣುವಷ್ಟು ಇಳಿಯುತ್ತದೆ. ನಿಮ್ಮ ತೊಂದರೆಗೆ ನಿಜವಾದ ಔಷಧಿ ಇದೇ.

ತಾಮ್ರದ_ಬ್ಲಾಕ್

ಫ್ಯಾನ್_ಸಾಕು ಹೇಳಿದ್ದು ಪ್ರೊಸೆಸರ್ ಮಟ್ಟಿಗೆ ಸರಿ. ಅರ್ಧ ಮಾತು ಬಿಟ್ಟುಬಿಟ್ಟರು. ನೀರು ಹಾಕುವುದಾದರೆ ಅದು ಹೋಗಬೇಕಾದ್ದು ಗ್ರಾಫಿಕ್ಸ್ ಕಾರ್ಡ್‌ಗೆ.

ಯಾಕೆ ಅಂದರೆ, ರೈಜನ್ ಮೇಲೆ ದಪ್ಪ ಲೋಹದ ಮುಚ್ಚಳ ಇದೆ, ಅದರ ಕೆಳಗೆ ಪುಟ್ಟ ಪುಟ್ಟ ಚಿಪ್‌ಗಳು. ಬಿಸಿ ಅಲ್ಲೇ ತಡೆದು ನಿಲ್ಲುತ್ತದೆ. ನೀವು ಮೇಲೆ ಎಷ್ಟೇ ದೊಡ್ಡ ಬ್ಲಾಕ್ (ಒಳಗೆ ನೀರು ಹರಿಯುವ ಲೋಹದ ಭಾಗ) ಕೂರಿಸಿದರೂ ಫುಲ್ ಲೋಡ್‌ನಲ್ಲಿ 95 ಡಿಗ್ರಿ ಹತ್ತಿರ ಸುಳಿದಾಡಬಹುದು, ಎಎಂಡಿಯವರು ಅದನ್ನು ಹಾಗೇ ಮಾಡಿದ್ದಾರೆ, ಗಾಬರಿ ಬೇಡ. ಕಾರ್ಡ್‌ನ ಚಿಪ್ ಮೇಲೆ ಮುಚ್ಚಳ ಇಲ್ಲ. ಅದೂ ದೊಡ್ಡ ಚಿಪ್. ತಾಮ್ರದ ಬ್ಲಾಕ್ ನೇರವಾಗಿ ಅದರ ಮೇಲೆ ಕೂರುತ್ತದೆ. ವ್ಯತ್ಯಾಸ ಗೊತ್ತಾಗುವುದು ಅಲ್ಲಿ, ಸದ್ದು ಸತ್ತೇ ಹೋಗುವುದೂ ಅಲ್ಲಿ, ಯಾಕೆಂದರೆ ರೆಂಡರ್ ಹೊತ್ತಲ್ಲಿ ಅಮ್ಮ ಬೈಯುತ್ತಿರುವುದು ಬಹುಶಃ ಕಾರ್ಡ್‌ನ ಫ್ಯಾನ್‌ಗೆ.

ಹಾಗಾಗಿ ಲಿಸ್ಟನ್ನು ತಲೆಕೆಳಗು ಮಾಡಿ. ಮೊದಲು ವಾಟರ್ ಬ್ಲಾಕ್ ಹುಡುಕಿ, ಆಮೇಲೆ ಕಾರ್ಡ್ ತಗೊಳ್ಳಿ. ಹೆಸರು ಒಂದೇ 5070 ಟಿಐ ಅಂತ ಇದ್ದರೂ ಒಂದೊಂದು ಕಂಪನಿಯ ಬೋರ್ಡ್ ಒಂದೊಂದು ಥರ ಇರುತ್ತದೆ. ಒಂದಕ್ಕೆ ಮಾಡಿದ ಬ್ಲಾಕ್ ಇನ್ನೊಂದಕ್ಕೆ ಕೂರಲ್ಲ, ಸ್ಕ್ರೂ ತೂತೇ ಹೊಂದಲ್ಲ. ಆಲ್ಫಾಕೂಲ್, ಬೈಕ್‌ಸ್ಕಿ, ಇಂಥವರ ಸೈಟ್‌ನಲ್ಲಿ ಯಾವ ಮಾಡೆಲ್‌ಗೆ ಯಾವ ಬ್ಲಾಕ್ ಅಂತ ಪಟ್ಟಿ ಇರುತ್ತದೆ. ಅದನ್ನು ನೋಡಿ, ನಮ್ಮಲ್ಲಿ ಸಿಗುವ ಮಾಡೆಲ್ ಜೊತೆ ತಾಳೆ ಹಾಕಿ, ಆಮೇಲೆ ದುಡ್ಡು ಬಿಚ್ಚಿ. ಕಾರ್ಡ್ ಬಿಚ್ಚಿದರೆ ವಾರಂಟಿ ಉಳಿಯುತ್ತಾ ಅಂತ ಕಂಪನಿಗೇ ಮೇಲ್ ಹಾಕಿ ಕೇಳಿ, ಅಂಗಡಿಯವರ ಬಾಯಿಮಾತು ಬೇಡ.

ಎರಡಕ್ಕೂ ನೀರು ಅಂದರೆ 240 ಯಾತಕ್ಕೂ ಸಾಲದು. ಎರಡು 360 ರೇಡಿಯೇಟರ್ ಕೂರುವ ಕೇಸ್ ಬೇಕು. ತೆಳುವಾದ 30 ಮಿಮೀ ಇದ್ದರೂ ಪರವಾಗಿಲ್ಲ, ಜಾಗ ಜಾಸ್ತಿ ಇದ್ದಷ್ಟೂ ಫ್ಯಾನ್ ನಿಧಾನ ತಿರುಗಿದರೆ ಸಾಕು. ನಿಮಗೆ ಬೇಕಿರುವ ಮೌನ ಸಿಗುವುದು ರೇಡಿಯೇಟರ್‌ನಿಂದ. ಪಂಪ್ ಡಿ5 ಅನ್ನೋ ಮಾದರಿ ತಗೊಳ್ಳಿ, ಟ್ಯಾಂಕ್ ಜೊತೆ ಸೇರಿಯೇ ಬರುವಂಥದ್ದು. ಅದರಲ್ಲಿ ಮಾತ್ರ ಉಳಿತಾಯ ನೋಡಬೇಡಿ.

ಟ್ಯೂಬ್ ವಿಷಯಕ್ಕೆ ಬಂದರೆ, ಮೊದಲ ಲೂಪ್‌ಗೆ ಗಟ್ಟಿ ಟ್ಯೂಬ್ ಬೇಡವೇ ಬೇಡ. ಆ ಟ್ಯೂಬಿನ ಪಿಇಟಿಜಿ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ದಾಟಿದರೆ ಮೆತ್ತಗಾಗಲು ಶುರು. ಎಸಿ ಇಲ್ಲದ ಮೇಲಿನ ಮಹಡಿ, ಏಪ್ರಿಲ್ ಮಧ್ಯಾಹ್ನ, ನೀರೇ 50ರ ಹತ್ತಿರ, ಅಕಸ್ಮಾತ್ ಪಂಪ್ ನಿಂತರೆ? ಕಪ್ಪು ಇಪಿಡಿಎಂ ರಬ್ಬರ್ ಟ್ಯೂಬ್ ಹಾಕಿ, ಒಳಗೆ 10 ಹೊರಗೆ 16 ಮಿಮೀ. ನೋಡಲು ಗಾರ್ಡನ್ ಪೈಪ್ ಅನಿಸಬಹುದು, ಅನಿಸಲಿ. ಮಡಿಚಿಕೊಳ್ಳುವುದಿಲ್ಲ, ಕಾಲ ಕಳೆದಂತೆ ಮಬ್ಬಾಗುವ ಚಿಂತೆಯೂ ಇಲ್ಲ. ಬಿಳಿ ಲಿಕ್ವಿಡ್ ಫೋಟೋಗೆ ಸರಿ. ಅದರಲ್ಲಿರುವ ಕಣಗಳು ನಿಧಾನಕ್ಕೆ ಬ್ಲಾಕ್‌ನ ಕೂದಲೆಳೆ ಸಂದುಗಳಲ್ಲಿ ಕೂತುಬಿಡುತ್ತವೆ.

ಮೇಲ್ಮಹಡಿ_ವಿಜಯನಗರ

ಬ್ಲಾಕ್ ಮೊದಲು, ಕಾರ್ಡ್ ಆಮೇಲೆ, ಇದು ಗೊತ್ತೇ ಇರಲಿಲ್ಲ ಗುರು, ಥ್ಯಾಂಕ್ಸ್. ಬಿಳಿ ಲಿಕ್ವಿಡ್ ಕೈಬಿಟ್ಟೆ. ಆದರೆ ಅಲ್ಯೂಮಿನಿಯಂ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಎಐಒ ರೇಡಿಯೇಟರ್ ಎಲ್ಲ ಅಲ್ಯೂಮಿನಿಯಂ ಅಂತಾರೆ, ಪ್ಲೇಟ್ ತಾಮ್ರ. ಅದಕ್ಕೆ ಏನೂ ಆಗಲ್ವಾ? ಮತ್ತೆ ಕಾರ್ಡ್ ಮೊದಲಾ ಪ್ರೊಸೆಸರ್ ಮೊದಲಾ, ನೀರು ಯಾವುದಕ್ಕೆ ಮೊದಲು ಹೋಗಬೇಕು?

ತಾಮ್ರದ_ಬ್ಲಾಕ್

ಬೇಡ. ತಾಮ್ರ ಮತ್ತು ಅಲ್ಯೂಮಿನಿಯಂ ಒಂದೇ ನೀರಲ್ಲಿ ಇದ್ದರೆ ಬ್ಯಾಟರಿ ಥರ ಕೆಲಸ ಮಾಡುತ್ತವೆ, ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಎಐಒದಲ್ಲಿ ಕಂಪನಿಯವರೇ ತುಕ್ಕು ತಡೆಯುವ ರಾಸಾಯನಿಕ ಬೆರೆಸಿ ಸೀಲ್ ಮಾಡಿರುತ್ತಾರೆ, ಗಾಳಿ ಹೋಗಲ್ಲ, ಯಾರೂ ನೀರು ಬದಲಾಯಿಸಲ್ಲ. ನೀವು ಮನೆಯಲ್ಲಿ ತುಂಬಿಸುವ ಲೂಪ್‌ಗೆ ಆ ರಕ್ಷಣೆ ಇಲ್ಲ. ರೇಡಿಯೇಟರ್, ಬ್ಲಾಕ್ ಎಲ್ಲ ತಾಮ್ರ ಇಲ್ಲವೇ ಹಿತ್ತಾಳೆ, ನಿಕಲ್ ಲೇಪ ಇದ್ದರೂ ಸರಿ. ಟ್ಯೂಬನ್ನು ಭಾಗಗಳಿಗೆ ಸೇರಿಸುವ ಫಿಟ್ಟಿಂಗ್ ಕೊಳ್ಳುವಾಗಲೂ ಯಾವ ಲೋಹ ಅಂತ ಓದಿ.

ಯಾವುದು ಮೊದಲು ಅನ್ನೋದು ಲೆಕ್ಕಕ್ಕೇ ಬರಲ್ಲ. ನಿಮಿಷಕ್ಕೆ 3 ಲೀಟರ್ ಹರಿದರೆ ಕಾರ್ಡ್‌ನ 300 ವ್ಯಾಟ್ ನೀರನ್ನು ಏರಿಸುವುದು ಒಂದೂವರೆ ಡಿಗ್ರಿಗಿಂತ ಕಡಿಮೆ. ಟ್ಯೂಬ್ ಎಲ್ಲಿ ಚಿಕ್ಕದಾಗಿ, ನೀಟಾಗಿ ಬರುತ್ತದೋ ಹಾಗೆ ಹಾಕಿ. ಒಂದೇ ನಿಯಮ, ಟ್ಯಾಂಕ್‌ನಿಂದ ನೀರು ತಾನಾಗೇ ಪಂಪ್‌ಗೆ ಇಳಿಯಬೇಕು.

ಚಿಕ್ಕಪೇಟೆ_ಲೈನ್

ನಮ್ಮ ಕಂಪ್ಯೂಟರ್ ಸಾಮಾನಿನ ಪೇಟೆ ಎಸ್.ಪಿ. ರೋಡ್ ಬಗ್ಗೆ ನಾಲ್ಕು ಮಾತು. ಕೇಸ್, ಪವರ್ ಸಪ್ಲೈ, ಫ್ಯಾನ್, ರ‍್ಯಾಮ್, ಎಸ್‌ಎಸ್‌ಡಿ ಎಲ್ಲ ಅಲ್ಲೇ ತಗೊಳ್ಳಿ, ಹತ್ತು ಅಂಗಡಿ ಸುತ್ತಿದರೆ ರೇಟ್ ಇಳಿಯುತ್ತದೆ. ಗಾಡಿ ತರಬೇಡಿ, ಪಾರ್ಕಿಂಗ್ ಹುಡುಕುವಷ್ಟರಲ್ಲಿ ಅರ್ಧ ದಿನ ಹೋಯಿತು. ವಿಜಯನಗರದಿಂದ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ಚಿಕ್ಕಪೇಟೆಯಲ್ಲಿ ಇಳಿದು ನಡೆಯಿರಿ. ಭಾನುವಾರ ಹೋಗಬೇಡಿ, ಬಹುತೇಕ ಬಾಗಿಲು ಹಾಕಿರುತ್ತವೆ. ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇನೆ ಅಂದರೆ ಕೈಮುಗಿದು ಮುಂದಕ್ಕೆ ಹೋಗಿ. ಜಿಎಸ್‌ಟಿ ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಿಕೊಂಡು, ಡಬ್ಬದ ಮೇಲಿನ ನಂಬರ್ ಜೊತೆ ಅಲ್ಲೇ ನಿಂತು ನೋಡಿ.

ಲೂಪ್ ಸಾಮಾನು ಮಾತ್ರ ಅಲ್ಲಿ ಅಪರೂಪ. ಆನ್‌ಲೈನೇ ಗತಿ. ಹೊರದೇಶದಿಂದ ತರಿಸಿದರೆ ಕಸ್ಟಮ್ಸ್ ಸುಂಕ ಲೆಕ್ಕಕ್ಕೆ ಸೇರಿಸಿ, 50 ಸಾವಿರ ಅಲ್ಲೇ ಬಿಗಿಯಾಗುತ್ತದೆ. ಎಲ್ಲರೂ ಮರೆಯುವುದು ಫಿಟ್ಟಿಂಗ್. ಎರಡು ಬ್ಲಾಕ್, ಎರಡು ರೇಡಿಯೇಟರ್, ಒಂದು ಪಂಪ್, ಒಂದೊಂದಕ್ಕೆ ಎರಡರಂತೆ ಹತ್ತು. ಇದರ ಮೇಲೆ ಕೆಳಗಡೆ ನೀರು ಬಿಡಲು ಟೀ ಆಕಾರದ ಮೂರು ಬಾಯಿಯ ಜೋಡಣೆ ಒಂದು, ಒಂದು ವಾಲ್ವ್. ವಾಲ್ವ್ ಇಲ್ಲದೆ ಲೂಪ್ ಕಟ್ಟಿದವರನ್ನು ನೋಡಿದ್ದೇನೆ, ನೀರು ಬದಲಾಯಿಸುವಾಗ ಬಕೆಟ್ ಮೇಲೆ ಕೇಸನ್ನೇ ಬಗ್ಗಿಸುತ್ತಾ ಒದ್ದಾಡುತ್ತಾರೆ.

ನೀರು ಅಂದಿದ್ದಕ್ಕೆ ಹೇಳುತ್ತೇನೆ, ಕಾವೇರಿ ನೀರು, ಬೋರ್ ನೀರು, ಆರ್‌ಒ ನೀರು, ಮೂರೂ ಬೇಡ. ಆರ್‌ಒದಲ್ಲೂ ಲವಣ ಉಳಿದಿರುತ್ತದೆ. ಹೊಸ ರೇಡಿಯೇಟರ್ ತೊಳೆಯಲು ಡಿಸ್ಟಿಲ್ಡ್ ವಾಟರ್ ಕ್ಯಾನ್ ತಗೊಳ್ಳಿ, ಸ್ವಲ್ಪ ಬಿಸಿ ಮಾಡಿ ಒಳಗೆ ಹಾಕಿ ಅಲ್ಲಾಡಿಸಿ ಚೆಲ್ಲಿ. ಮೊದಲ ಸಲ ಬರುವ ನೀರನ್ನು ಬಿಳಿ ಬಟ್ಟಲಿಗೆ ಬಿಟ್ಟು ನೋಡಿ, ಬೆಸುಗೆಯ ಕಪ್ಪು ಪುಡಿ ತೇಲುತ್ತದೆ. ಅದು ನಿಲ್ಲುವವರೆಗೂ ತೊಳೆಯುತ್ತಿರಿ. ತುಂಬಿಸಲು ಮಾತ್ರ ರೆಡಿ ಕೂಲೆಂಟ್, ಪಾಚಿ ಮತ್ತು ತುಕ್ಕು ಎರಡಕ್ಕೂ ಔಷಧಿ ಇರುವಂಥದ್ದು.

ಫ್ಯಾನ್_ಸಾಕು

ನೀವೆಲ್ಲ ಸೇರಿ ಹುಡುಗನ ಜೇಬು ಖಾಲಿ ಮಾಡಿಸುತ್ತೀರಿ ಬಿಡಿ :) ಮಾಡುವುದೇ ಆದರೆ ಇಕೋ ಮೋಡ್ ಮಾತ್ರ ಮರೆಯಬೇಡಿ. ಧೂಳಿಗೆ ಕೇಸ್ ಮುಂದೆ ಜಾಲರಿ ಇರಲಿ, ನಮ್ಮ ರಸ್ತೆ ಅಗೆತ ನಿಲ್ಲುವ ಹಾಗೆ ಕಾಣುತ್ತಿಲ್ಲ, ರೇಡಿಯೇಟರ್ ಸಂದಿನಲ್ಲಿ ಕೂತ ಧೂಳು ತೆಗೆಯುವುದು ಸುಲಭ ಅಲ್ಲ.

ಮೇಲ್ಮಹಡಿ_ವಿಜಯನಗರ

ಇಕೋ ಮೋಡ್ ಹಾಕುತ್ತೇನೆ ಸರ್ :) ಕೊನೆಯದಾಗಿ ಒಂದೇ ಪ್ರಶ್ನೆ. ಸೋರಿದರೆ? ಬೋರ್ಡ್‌ಗೆ ಕರೆಂಟ್ ಕೊಡದೆ ಪರೀಕ್ಷೆ ಮಾಡೋದು ಹೇಗೆ?

ತಾಮ್ರದ_ಬ್ಲಾಕ್

ಪವರ್ ಸಪ್ಲೈನ 24 ಪಿನ್ ಕೇಬಲ್ ಬೋರ್ಡ್‌ಗೆ ಹಾಕಬೇಡಿ, ಅದಕ್ಕೊಂದು ಜಂಪರ್ ಪ್ಲಗ್ ಬರುತ್ತದೆ, ಅದನ್ನು ಸಿಕ್ಕಿಸಿ. ಕಾರ್ಡ್ ಮತ್ತು ಪ್ರೊಸೆಸರ್ ಕೇಬಲ್ ಕೂಡ ತೆಗೆದಿಡಿ, ಪಂಪ್‌ಗೆ ಮಾತ್ರ ಕರೆಂಟ್. ಪ್ರತಿ ಫಿಟ್ಟಿಂಗ್ ಕೆಳಗೆ ಟಿಶ್ಯೂ ಸುತ್ತಿ. ಟ್ಯಾಂಕ್ ತುಂಬಿಸಿ, ಸ್ವಿಚ್ ಹಾಕಿ, ನೀರು ತಳ ಮುಟ್ಟುವ ಮೊದಲೇ ಆಫ್ ಮಾಡಿ, ಮತ್ತೆ ತುಂಬಿಸಿ. ಪಂಪ್ ಒಣಗಿ ಓಡಬಾರದು. ನಡುವೆ ಕೇಸನ್ನು ಅತ್ತಿತ್ತ ವಾಲಿಸಿ, ಗೊಳಗೊಳ ಅಂತ ಗಾಳಿ ಬಂದು ಟ್ಯಾಂಕ್ ಮಟ್ಟ ಮತ್ತೆ ಇಳಿಯುತ್ತದೆ. ಮಟ್ಟ ಇಳಿಯೋದು ನಿಂತ ಮೇಲೆ ಒಂದು ಪೂರ್ತಿ ದಿನ ಹಾಗೇ ಓಡಲಿ.

ಫಿಟ್ಟಿಂಗ್‌ಗೆ ಸ್ಪ್ಯಾನರ್ ಮುಟ್ಟಿಸಬೇಡಿ, ಕೈಯಲ್ಲಿ ಬಿಗಿ ಮಾಡಿದರೆ ಸಾಕು. ಸೀಲ್ ಮಾಡುವುದು ಅದರ ಓ-ರಿಂಗ್. ಜಾಸ್ತಿ ತಿರುಗಿಸಿದರೆ ಬ್ಲಾಕ್‌ನ ಅಕ್ರಿಲಿಕ್ ಬಿರುಕು ಬಿಡುತ್ತದೆ. ಟ್ಯೂಬ್ ಹತ್ತದಿದ್ದರೆ ತುದಿಯನ್ನು ಬಿಸಿನೀರಲ್ಲಿ ಸ್ವಲ್ಪ ಹೊತ್ತು ಅದ್ದಿ. ಕಾರ್ಡ್ ಮಾಡೆಲ್ ಗೊತ್ತಾದ ಮೇಲೆ ಇಲ್ಲಿ ಹಾಕಿ, ಬ್ಲಾಕ್ ಕೂರುತ್ತಾ ಅಂತ ನೋಡೋಣ.