11 ಕೆವಿ ಮಿಲ್ ಮೋಟರ್: ಪಿಡಿ ರೀಡಿಂಗ್ ಏರಿದೆ, ರಿವೈಂಡ್ ಮಾಡಿಸಲೇಬೇಕಾ?

ಮಿಲ್‌ಹೌಸ್:
ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ನೋಡಿಕೊಳ್ಳುತ್ತೇನೆ. ಸಿಮೆಂಟ್ ಮಿಲ್ಲಿಗೆ 11 ಕೆವಿ ಸ್ಲಿಪ್ ರಿಂಗ್ ಮೋಟರ್ ಇದೆ, ಏರ್ ಕೂಲ್ಡ್. ಟರ್ಮಿನಲ್ ಬಾಕ್ಸಿನಲ್ಲಿ ಫೇಸಿಗೊಂದು 80 ಪಿಕೋಫ್ಯಾರಡ್ ಕಪ್ಲರ್ (ಪಲ್ಸ್ ಹಿಡಿಯುವ ಸೆನ್ಸರ್) ಇವೆ. ಆರು ತಿಂಗಳಿಗೊಮ್ಮೆ ಮೋಟರ್ ಓಡುತ್ತಿರುವಾಗಲೇ ಪಾರ್ಷಿಯಲ್ ಡಿಸ್ಚಾರ್ಜ್ (ಪಿಡಿ, ಅಂದರೆ ಇನ್ಸುಲೇಷನ್ನಿನಲ್ಲಿ ಆಗುವ ಸಣ್ಣ ಕಿಡಿಗಳು) ಅಳೆಸುತ್ತೇವೆ. ಫೆಬ್ರವರಿಯಲ್ಲಿ ಮೂರೂ ಫೇಸು 100 ಮಿಲಿವೋಲ್ಟ್ ಆಸುಪಾಸು ಇದ್ದವು. ಆಗಸ್ಟಿನಲ್ಲಿ ಆರ್ ಮತ್ತು ವೈ 300 ದಾಟಿವೆ, ಬಿ ಮಾತ್ರ ಹಾಗೇ ಇದೆ. ಅಳೆಯಲು ಬಂದವರು ‘ರಿವೈಂಡಿಂಗ್ ಯೋಜನೆ ಹಾಕಿಕೊಳ್ಳಿ’ ಎಂದು ರಿಪೋರ್ಟಿನಲ್ಲಿ ಬರೆದು ಹೋದರು. ಆದರೆ ಮೆಗ್ಗರ್ (ಇನ್ಸುಲೇಷನ್ ರೆಸಿಸ್ಟೆನ್ಸ್ ಟೆಸ್ಟ್) ಚೆನ್ನಾಗಿದೆ, ಪಿಐ (ಅದೇ ಟೆಸ್ಟಿನ 10 ನಿಮಿಷದ ಮತ್ತು 1 ನಿಮಿಷದ ರೀಡಿಂಗಿನ ಅನುಪಾತ) 3ರ ಮೇಲಿದೆ. ನಾನು ಯಾವುದನ್ನು ನಂಬಲಿ? ಮುಂದಿನ ಶಟ್‌ಡೌನ್ ತನಕ ಓಡುತ್ತಾ ಅಂತ ಪ್ಲಾಂಟ್ ಹೆಡ್ ದಿನಾ ಕೇಳುತ್ತಿದ್ದಾರೆ.

ಸ್ವಿಚ್‌ಗೇರ್:
ಮೆಗ್ಗರ್ ಚೆನ್ನಾಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ ಸರ್. ನಮ್ಮಲ್ಲಿ 6.6 ಕೆವಿ ಮೋಟರುಗಳು ಪಿಡಿ ಗಿಡಿ ಏನೂ ಇಲ್ಲದೆ ವರ್ಷಗಟ್ಟಲೆ ಓಡಿವೆ. ಇದೆಲ್ಲ ಸೆನ್ಸರ್ ಮಾರುವವರ ಗಲಾಟೆ.

ಪೆನ್‌ಸ್ಟಾಕ್:
ಸ್ವಿಚ್‌ಗೇರ್ ಅವರೇ, ಅದನ್ನು ಒಪ್ಪಲ್ಲ. ಮೆಗ್ಗರ್ ಹಾಕುವುದು ಡಿಸಿ. ಅದು ತೇವ, ಕೊಳೆ, ಇಲ್ಲವೇ ತಾಮ್ರದವರೆಗೆ ಬಿಟ್ಟ ಬಿರುಕನ್ನು ತೋರಿಸುತ್ತದೆ. ಇನ್ಸುಲೇಷನ್ ಒಳಗೆ ಪದರ ಬಿಟ್ಟು ಗಾಳಿ ಸೇರಿದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ, ಯಾಕೆಂದರೆ ಉಳಿದ ಮೈಕಾ ಪದರ ಡಿಸಿಯನ್ನು ತಡೆದು ನಿಂತಿರುತ್ತದೆ. ಎಸಿ ಕೊಟ್ಟಾಗ ಆ ಗಾಳಿಯ ಜಾಗದ ಮೇಲೆ ಒತ್ತಡ ಜಾಸ್ತಿ ಬೀಳುತ್ತದೆ, ಮೈಕಾ ಎಪಾಕ್ಸಿಯಲ್ಲಿ ಇರುವುದಕ್ಕಿಂತ ಸುಮಾರು ನಾಲ್ಕು ಪಟ್ಟು. ಗಾಳಿಗೆ ಮಿಲಿಮೀಟರಿಗೆ 3 ಕೆವಿ ಆಸುಪಾಸಿಗಿಂತ ಜಾಸ್ತಿ ತಡೆಯುವ ಶಕ್ತಿ ಇಲ್ಲ, ಹಾಗಾಗಿ ಅಲ್ಲಿ ಕಿಡಿ.

ಹಾಗಂತ ರಿವೈಂಡ್ ಅಂತ ಓಡಬೇಕಾಗಿಯೂ ಇಲ್ಲ. ಎಕ್ಸ್‌ಎಲ್‌ಪಿಇ (ಒಂದು ಬಗೆಯ ಪ್ಲಾಸ್ಟಿಕ್) ಕೇಬಲ್ಲಿನ ಇನ್ಸುಲೇಷನ್ ಒಳಗೆ ಪಿಡಿ ಕಂಡರೆ ಹೆದರಲೇಬೇಕು. ಮೈಕಾ ಹಾಗಲ್ಲ, ಪಿಡಿ ಇಟ್ಟುಕೊಂಡೇ ದಶಕಗಟ್ಟಲೆ ಬಾಳುತ್ತದೆ. ಆರು ತಿಂಗಳಲ್ಲಿ ಎರಡು ಪಟ್ಟಾದರೆ ಎಚ್ಚರ ಅನ್ನುವ ರೂಢಿ ಇದೆ ನಿಜ. ಆದರೆ ಲೋಡು, ವೈಂಡಿಂಗ್ ಬಿಸಿ, ವೋಲ್ಟೇಜು, ತೇವ ಎಲ್ಲ ಹೆಚ್ಚುಕಡಿಮೆ ಒಂದೇ ಇದ್ದರೆ ಮಾತ್ರ ಆ ಲೆಕ್ಕ. ನೀವು ಫೆಬ್ರವರಿಯ ಒಣಹವೆಯನ್ನು ಆಗಸ್ಟಿನ ಮಳೆಗೆ ಹೋಲಿಸುತ್ತಿದ್ದೀರಿ ಅಲ್ವಾ?

ಇದಿಷ್ಟು ಹೇಳಿ: ಪಾಸಿಟಿವ್ ಪಲ್ಸ್ ಜಾಸ್ತಿಯಾ, ನೆಗೆಟಿವ್ ಜಾಸ್ತಿಯಾ? ಲೋಡ್ ಇಳಿಸಿದಾಗ ಏನಾಯಿತು? ಪಾಸಿಟಿವ್ ಜಾಸ್ತಿ ಇದ್ದರೆ ತೊಂದರೆ ಕಾಯಿಲಿನ ಹೊರಮೈಯಲ್ಲಿ, ನೆಗೆಟಿವ್ ಆದರೆ ತಾಮ್ರದ ಹತ್ತಿರ, ಎರಡೂ ಸಮ ಇದ್ದರೆ ಇನ್ಸುಲೇಷನ್ ನಡುವೆ. ಲೋಡ್ ಜೊತೆ ಏರಿದರೆ ಕಾಯಿಲು ಸ್ಲಾಟಿನಲ್ಲಿ (ಕಬ್ಬಿಣದ ಕೋರಿನ ತೋಡಿನಲ್ಲಿ) ಸಡಿಲ. ಕಾಯಿಲಿನ ಮೇಲಿನ ಬಲ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಸೆಕೆಂಡಿಗೆ 100 ಸಲ ನಡುಗಿಸುತ್ತದೆ. ನಾನು ಕೆಲಸ ಮಾಡುವ ಜಲವಿದ್ಯುತ್ ಜನರೇಟರುಗಳಲ್ಲಿ ಇದೇ ದೊಡ್ಡ ಕಾಟ, ವೆಜ್ (ಕಾಯಿಲನ್ನು ಸ್ಲಾಟಿನಲ್ಲಿ ಒತ್ತಿ ಹಿಡಿಯುವ ಪಟ್ಟಿ) ಸಡಿಲವಾದರೆ ಸೆಮಿಕಾನ್ ಬಣ್ಣ (ಕಾಯಿಲಿನ ಮೇಲಿನ ಅರೆವಾಹಕ ಲೇಪನ) ಉಜ್ಜಿ ಹೋಗುತ್ತದೆ, ಓಝೋನ್ ವಾಸನೆ ಬರುತ್ತದೆ. ಮೋಟರ್ ಗ್ಲೋಬಲ್ ವಿಪಿಐ (ವೈಂಡಿಂಗ್ ಸಮೇತ ಪೂರ್ತಿ ಸ್ಟೇಟರಿಗೆ ನಿರ್ವಾತದಲ್ಲಿ ರೆಸಿನ್ ತುಂಬಿದ್ದು) ಆಗಿದ್ದರೆ ಕಾಯಿಲು ಕೋರಿಗೇ ಅಂಟಿಕೊಂಡಿರುತ್ತದೆ, ಸಡಿಲವಾಗುವುದು ಕಡಿಮೆ.

ಮಿಲ್‌ಹೌಸ್:
ಗ್ಲೋಬಲ್ ವಿಪಿಐ. ಲೋಡ್ ಇಳಿಸಿದರೂ ರೀಡಿಂಗ್ ಹಾಗೇ ಇತ್ತು. ಪೋಲಾರಿಟಿ ನೋಡಿದರೆ ವಿಚಿತ್ರ, ಆರ್‌ನಲ್ಲಿ ಪಾಸಿಟಿವ್ ಜಾಸ್ತಿ, ವೈನಲ್ಲಿ ನೆಗೆಟಿವ್ ಜಾಸ್ತಿ. ಪಲ್ಸುಗಳು ವೋಲ್ಟೇಜ್ ಅಲೆಯ 45 ಮತ್ತು 225 ಡಿಗ್ರಿಯಲ್ಲಿ (ಫೇಸಿಗೂ ಕೋರಿಗೂ ನಡುವಿನ ಪಿಡಿ ಸಾಮಾನ್ಯವಾಗಿ ಬರುವ ಜಾಗ) ಇಲ್ಲ, ಅಲ್ಲಿಂದ ಸುಮಾರು 30 ಡಿಗ್ರಿ ಪಕ್ಕಕ್ಕೆ ಸರಿದಿವೆ. ರಿಪೋರ್ಟಿನಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ.

ಪೆನ್‌ಸ್ಟಾಕ್:
ಅದನ್ನು ಮೊದಲೇ ಹೇಳಬಾರದಾ! ಎರಡೇ ಫೇಸು ಒಟ್ಟಿಗೆ ಏರಿದ್ದು, ಪಲ್ಸು 30 ಡಿಗ್ರಿ ಸರಿದಿದ್ದು, ಪೋಲಾರಿಟಿ ಒಂದಕ್ಕೊಂದು ಉಲ್ಟಾ, ಮೂರೂ ಸೇರಿದರೆ ಫೇಸು ಫೇಸಿನ ನಡುವಿನ ಡಿಸ್ಚಾರ್ಜ್ ಅನ್ನಿಸುತ್ತದೆ. ಅಂದರೆ ಓವರ್‌ಹ್ಯಾಂಗ್‌ನಲ್ಲಿ (ಕೋರಿನಿಂದ ಹೊರಗೆ ಚಾಚಿದ ಕಾಯಿಲಿನ ತುದಿಗಳಲ್ಲಿ). ಸ್ಲಾಟಿನಲ್ಲಿ ಕಾಯಿಲಿಗೂ ಕೋರಿಗೂ ನಡುವೆ 6.35 ಕೆವಿ, ಆದರೆ ಓವರ್‌ಹ್ಯಾಂಗ್‌ನಲ್ಲಿ ಆರ್ ಕಾಯಿಲಿನ ಪಕ್ಕ ವೈ ಕಾಯಿಲು ಬಂದ ಕಡೆ ನಡುವಿನ ಸಂದಿನ ಮೇಲೆ ಪೂರ್ತಿ 11 ಕೆವಿ ತನಕ ಬೀಳಬಹುದು. ಧೂಳು, ತೇವ ಸೇರಿದರೆ ಕೇಳಬೇಕೇ. ಟರ್ಮಿನಲ್ ಬಾಕ್ಸಿನಲ್ಲಿ ಆ ಎರಡು ಫೇಸಿನ ಲೀಡುಗಳು ತಾಗಿಕೊಂಡಿದ್ದರೂ ಇದೇ ಚಿತ್ರ ಬರುತ್ತದೆ, ಮೊದಲು ಅದನ್ನು ನೋಡಿ, ಅದು ಸುಲಭ.

ಹಳೇವೈಂಡರ್:
ಪೀಣ್ಯದಲ್ಲಿ ರಿವೈಂಡಿಂಗ್ ಕೆಲಸ ನನ್ನದು, ರಿವೈಂಡ್ ಬೇಡ ಅಂದರೆ ನನಗೇ ನಷ್ಟ 😀 ಆದರೂ ಹೇಳುತ್ತೇನೆ. ಎಂಡ್ ಕವರ್ ತೆಗೆದು ಓವರ್‌ಹ್ಯಾಂಗ್‌ನಲ್ಲಿ ಆರ್ ವೈ ಪಕ್ಕಪಕ್ಕ ಬರುವ ಜಾಗ ನೋಡಿ. ಡಿಸ್ಚಾರ್ಜ್ ಇದ್ದರೆ ಬಿಳಿ ಪುಡಿ ಕಾಣುತ್ತದೆ. ಸಿಮೆಂಟ್ ಧೂಳು ಎಲ್ಲ ಕಡೆ ಒಂದೇ ಸಮ ಕೂತಿರುತ್ತದೆ, ಈ ಪುಡಿ ಕಾಯಿಲು ಕಾಯಿಲಿನ ಸಂದಿನಲ್ಲಿ ಮಾತ್ರ. ಅದು ಸಿಕ್ಕರೆ ಸ್ವಚ್ಛ ಮಾಡಿ ಒಣಗಿಸಿ, ಸಂದು ಸಾಲದ ಕಡೆ ರೆಸಿನ್‌ನಲ್ಲಿ ಅದ್ದಿದ ಫೆಲ್ಟ್ ತುಂಬಿ, ಮೇಲೆ ವಾರ್ನಿಷ್ ಹೊಡೆದರೆ ಎಷ್ಟೋ ಕಾಲ ಓಡುತ್ತದೆ. ಪುಡಿಯ ಕೆಳಗೆ ಇನ್ಸುಲೇಷನ್ ಆಳವಾಗಿ ತಿಂದು ಹೋಗಿದ್ದರೆ ಮಾತ್ರ ಆ ಕಾಯಿಲಿನ ಬಗ್ಗೆ ಯೋಚಿಸಬೇಕು. ನಿಮ್ಮದು ಸ್ಲಿಪ್ ರಿಂಗ್ ಅಂದ್ರಲ್ಲ, ಬ್ರಶ್ಶಿನ ಕಾರ್ಬನ್ ಧೂಳು ವೈಂಡಿಂಗ್ ಕಡೆ ಬರುತ್ತಿದೆಯಾ ನೋಡಿ, ಅದು ಸಿಮೆಂಟಿಗಿಂತ ಕೆಟ್ಟದ್ದು, ಕರೆಂಟು ಹರಿಸುತ್ತದೆ. ಮೋಟರ್ ನಿಂತಾಗ ಸ್ಪೇಸ್ ಹೀಟರ್ (ಒಳಗೆ ತೇವ ಕೂರದಂತೆ ಬೆಚ್ಚಗಿಡುವ ಹೀಟರ್) ಆನ್ ಇರುತ್ತಾ?

ಸ್ವಿಚ್‌ಗೇರ್:
ಸರಿ, 11 ಕೆವಿ ಮಟ್ಟಿಗೆ ಒಪ್ಪಿದೆ. ಆದರೆ ಅದು ಮೋಟರಿನದ್ದೇ ಪಿಡಿ ಅಂತ ಹೇಗೆ ಗೊತ್ತು? ಬ್ರಶ್ ಕಿಡಿ, ಪಕ್ಕದ ಡ್ರೈವ್ (ಮೋಟರಿನ ವೇಗ ಬದಲಿಸುವ ಎಲೆಕ್ಟ್ರಾನಿಕ್ ಉಪಕರಣ), ಸಡಿಲ ಕೇಬಲ್ ಲಗ್ ಎಲ್ಲವೂ ಪಲ್ಸ್ ಕೊಡುತ್ತವಲ್ಲ?

ಪೆನ್‌ಸ್ಟಾಕ್:
ಒಳ್ಳೇ ಪ್ರಶ್ನೆ. ಉದ್ದ ಕೇಬಲ್ಲಿನಲ್ಲಿ ದೂರದಿಂದ ಬಂದ ಪಲ್ಸಿನ ಹೈ ಫ್ರೀಕ್ವೆನ್ಸಿ ಭಾಗ ದಾರಿಯಲ್ಲೇ ಕರಗಿ, ಅದು ಮೊಂಡಾಗಿ ಬರುತ್ತದೆ, ಉಪಕರಣ ಆ ಆಕಾರ ನೋಡಿಯೇ ಬೇರ್ಪಡಿಸುತ್ತದೆ. ಕೇಬಲ್ ಗಿಡ್ಡವಿದ್ದರೆ ಮೋಸ ಹೋಗಬಹುದು. ಆದರೆ ಬ್ರಶ್ ಕಿಡಿ, ಡ್ರೈವ್ ಗದ್ದಲ ಹೀಗೆ ಎರಡೇ ಫೇಸಿನಲ್ಲಿ, ನಿರ್ದಿಷ್ಟ ಡಿಗ್ರಿಗೆ ಸರಿಯಾಗಿ ಕೂರುವುದು ಅಪರೂಪ. ಇನ್ನೊಂದು, ರಿಪೇರಿ ಕಡೆಯವರು ಆಫ್‌ಲೈನ್ ಪಿಡಿ (ಮೋಟರ್ ನಿಲ್ಲಿಸಿ ಮಾಡುವ ಅಳತೆ) ಮಾಡಿ ಪಿಕೋಕೂಲಂಬ್‌ನಲ್ಲಿ ಅಂಕಿ ಕೊಟ್ಟರೆ ನಿಮ್ಮ ಮಿಲಿವೋಲ್ಟ್ ಜೊತೆ ಹೋಲಿಸಬೇಡಿ, ಎರಡೂ ಬೇರೆ ಬೇರೆ ಅಳತೆ.

ಮಿಲ್‌ಹೌಸ್:
ಕೇಬಲ್ ಸಾಕಷ್ಟು ಉದ್ದವೇ ಇದೆ. ಸ್ಪೇಸ್ ಹೀಟರ್ ವಿಚಾರ ನಾಳೆ ಶಿಫ್ಟಿನವರನ್ನು ಕೇಳುತ್ತೇನೆ, ಅನುಮಾನವಿದೆ. ಕಿಲ್ನ್ ನಿಲ್ಲಿಸುವಾಗ ಮಿಲ್ಲೂ ಒಂದು ದಿನ ಸಿಗುತ್ತದೆ, ಆಗ ಕವರ್ ತೆಗೆಸುತ್ತೇನೆ.

ಹಳೇವೈಂಡರ್:
ಕವರ್ ತೆಗೆದ ಕೂಡಲೇ ಹುಡುಗರು ಏರ್ ಹೊಡೆಯಲು ಶುರು ಮಾಡುತ್ತಾರೆ, ಬಿಡಬೇಡಿ. ಮೊದಲು ಫೋಟೋ ತೆಗೆಯಿರಿ, ಇಲ್ಲಿ ಹಾಕಿ.