585101: ಪಿನ್ ಕೋಡ್ ಮ್ಯಾಲ ಗಣಿತದ ಚಾರ್ಟ್ ಮಾಡೋದು ಹೆಂಗ?

ಕೇಳಿದವರು, ಕಲಬುರಗಿ: ಡಿಸೆಂಬರ್ 22ರ ಗಣಿತ ದಿನಕ್ಕ ಹೈಸ್ಕೂಲ್ ಹುಡುಗರ ಕೈಲಿ ಚಾರ್ಟ್ ಮಾಡಸಬೇಕಾಗ್ಯದ. ನಮ್ಮೂರ ಪಿನ್ ಕೋಡ್ 585101 ತಗೊಂಡೀವಿ. ಕಂಪ್ಯೂಟರ್ ಇಲ್ಲದೆ ಅಪವರ್ತನ ತೆಗೆಯೋದು ಹೆಂಗ್ರಿ? ಮತ್ತೇನೇನು ಬರೀಬಹುದು?

ಶಹಾಬಾದ್‌ನಿಂದ: 765ರ ವರ್ಗ 585225. ಅಂದ್ರ 764ರ ತನಕ ನೋಡಿದ್ರ ಸಾಕು. ಅಲ್ಲೀತನಕ ಅವಿಭಾಜ್ಯ ಸಂಖ್ಯೆ 135 ಅವ, ಹೆದರಬ್ಯಾಡ್ರಿ, ಅಷ್ಟೂ ಬೇಕಾಗಂಗಿಲ್ಲ. 2, 3, 5 ನೋಡಿದ ಕೂಡ್ಲೆ ಬಿಟ್ಟುಹೋಗ್ತಾವ. ಆಮ್ಯಾಲ ಮೂರು ಮೂರು ಅಂಕಿ ಒಡದು 585ರಾಗ 101 ಕಳೀರಿ: 484. 7×11×13 = 1001 ಇರೋದ್ರಿಂದ, ಈ ಮೂರರಾಗ 484ಕ್ಕ ಯಾವುದು ಹೋಗ್ತದೋ ಮೂಲ ಸಂಖ್ಯೆಗೂ ಅದೇ ಹೋಗ್ತದ. 484 ಅಂದ್ರ 4×121. 11 ಹೋಯ್ತು, 7, 13 ಇಲ್ಲ. ಒಂದು ಕಳೆಯೋ ಲೆಕ್ಕದಾಗ ಮೂರು ಭಾಗಾಕಾರ ಉಳೀತು ನೋಡ್ರಿ.

ಭಾಗಲಬ್ಧ 53191. ಹುಡುಗರು ಎಡವೋದು ಇಲ್ಲೇ, ಮತ್ತ 764ರ ತನಕ ಓಡ್ತಾರ. ಈಗ ಮಿತಿ ಬರೇ 230. 11 ಇನ್ನೊಮ್ಮೆ ಹಚ್ಚಿ ನೋಡ್ರಿ, ಹೋಗಂಗಿಲ್ಲ. 17ರಿಂದ ಏರ್ತಾ ಹೋದ್ರ 43ಕ್ಕ ಸಿಗ್ತದ: 43×1237. 1237ಕ್ಕ ಮಿತಿ 35. ಅದರೊಳಗಿನವು ಆಗಲೇ ಸೋತಾವಲ್ಲ, ಅದಕ್ಕ 1237 ಅವಿಭಾಜ್ಯ.

ಯಾದಗಿರಿಯಿಂದ: ಭಾಜಕ 8: 1, 11, 43, 473, 1237, 13607, 53191, 585101. ಒಂದೊಂದು ಅವಿಭಾಜ್ಯ ಅಪವರ್ತನಕ್ಕ 1 ಕೂಡಿಸಿ ಗುಣಿಸಿದ್ರ ಮೊತ್ತ ಬರ್ತದ: 12×44×1238 = 653664. ಸಂಖ್ಯೆಯನ್ನೇ ಕಳದ್ರ 68563. ಒಂದೊಂದಾಗಿ ಕೂಡಿಸಿಯೂ ತಾಳೆ ನೋಡಸ್ರಿ.

ಬೀದರ್‌ನಿಂದ: ಚಾರ್ಟಿಗೆ ಕಳೆ ಬರೋದು ಎರಡು ವರ್ಗಗಳ ಮೊತ್ತದಿಂದ. 585101ನ್ನು 4ರಿಂದ ಭಾಗಿಸಿದರೆ ಶೇಷ 1, ಹಾಗಾಗಿ ಎರಡು ವರ್ಗಗಳ ಮೊತ್ತ ಆಗಬಹುದು ಅಂತ ಆಸೆ ಹುಟ್ಟುತ್ತದೆ. ಆಗುವುದಿಲ್ಲ. ಶೇಷ 3 ಕೊಡುವ ಅವಿಭಾಜ್ಯ ಅಪವರ್ತನ ಸಮ ಸಲ ಬರಬೇಕು. 11, 43 ಎರಡೂ ಶೇಷ 3ರವು, ಒಂದೊಂದೇ ಸಲ ಬಂದಿವೆ. ಎರಡನ್ನೂ ಗುಣಿಸಿದಾಗ ಶೇಷ 1 ಆಗಿ ದೋಷ ಮುಚ್ಚಿಹೋಗಿದೆ, ಅಷ್ಟೇ.

ಕೇಳಿದವರು: ಹಂಗಾದ್ರ ನಿಮ್ಮ ಬೀದರ್ ಪಿನ್ ಕೋಡ್ 585401?

ಬೀದರ್‌ನಿಂದ: ಅದು ಎರಡು ರೀತಿಯಲ್ಲಿ ಆಗುತ್ತದೆ. 755² + 124², ಮತ್ತೆ 499² + 580². ಭಾಗಿಸುತ್ತ ಹೋದರೆ 33ನೇ ಅವಿಭಾಜ್ಯದವರೆಗೆ ಕಾಯಬೇಕು. ಆದರೆ ಈ ಎರಡು ಸಾಲು ಕೈಯಲ್ಲಿದ್ದರೆ ಗಣಿತಜ್ಞ ಆಯಿಲರ್ ತೋರಿಸಿದ ದಾರಿ ಹತ್ತಿರ. ಬೆಸ ಸಂಖ್ಯೆಗಳ ವ್ಯತ್ಯಾಸ 755−499 = 256, ಸಮ ಸಂಖ್ಯೆಗಳದು 580−124 = 456. ಮ.ಸಾ.ಅ. 8. ಭಾಗಿಸಿದರೆ 32, 57. ಅವುಗಳ ವರ್ಗ ಕೂಡಿಸಿ: 1024 + 3249 = 4273. ಬೆಸದಿಂದ ಸಮ ಕಳೆದರೆ ಲೆಕ್ಕ ಕೆಡುತ್ತದೆ, ಜೋಡಿ ಬದಲಾಗದಂತೆ ನೋಡಿಕೊಳ್ಳಿ. 585401 ÷ 4273 = 137.