ಫಾರ್ಮಸಿಸ್ಟ್ ಅವರನ್ನು ಕೇಳಿ: ಲಾಕ್‌ಡೌನ್‌ಗೆ ಮನೆಯ ಔಷಧಿ (ಏಪ್ರಿಲ್ 2021)

ಅಡ್ಮಿನ್: 27ರ ರಾತ್ರಿ 9ರಿಂದ 14 ದಿನ ಎಲ್ಲ ಬಂದ್. ದಿನಸಿ ಬೆಳಿಗ್ಗೆ 6ರಿಂದ 10 ಮಾತ್ರ. ಔಷಧಿ ಬಗ್ಗೆ ಇಲ್ಲೇ ಕೇಳಿ.

ತಿಪಟೂರು ಸದಸ್ಯ: ಬಿಪಿ ಮಾತ್ರೆ ಆರು ತಿಂಗಳಿಗೆ ತಂದಿಡಲಾ?

ಫಾರ್ಮಸಿಸ್ಟ್: ಒಂದು ತಿಂಗಳಿಗೆ ಸಾಕು. ಮೆಡಿಕಲ್ ಶಾಪ್ ತೆರೆದಿರುತ್ತದೆ.

ಕಡೂರು ಸದಸ್ಯೆ: ಅಮ್ಮನ ಇನ್ಸುಲಿನ್ ಬಾಟಲಿ ಸಿಗಲಿಲ್ಲ. ಪೆನ್ನಿಗೆ ಹಾಕುವ ಕಾರ್ಟ್ರಿಜ್ ಸಿಕ್ಕಿದೆ. ಮನೆಯಲ್ಲಿರೋ ಸಿರಿಂಜಲ್ಲೇ ಎಳೆದು ಕೊಡಬಹುದಾ? ಕರೆಂಟ್ ಬೇರೆ ಹೋಗ್ತಿರುತ್ತೆ.

ಫಾರ್ಮಸಿಸ್ಟ್: ಬೇಡ, ಖಂಡಿತ ಬೇಡ! ಸಿರಿಂಜಿನ ಮುಚ್ಚಳ ಯಾವ ಬಣ್ಣ? ಕೆಂಪಾದರೆ ಅದು 40ರ ಸಿರಿಂಜ್. ನಮ್ಮಲ್ಲಿ ಬಾಟಲಿ ಹೆಚ್ಚಾಗಿ ಎಂಎಲ್‌ಗೆ 40 ಯೂನಿಟ್, ಕಾರ್ಟ್ರಿಜ್ 100. ಕೆಂಪು ಮುಚ್ಚಳದ್ದರಲ್ಲಿ 20ರ ಗೆರೆವರೆಗೆ ಎಳೆದರೆ ಮೈಗೆ ಹೋಗೋದು 50. ಸಕ್ಕರೆ ಇಳಿದು ನಿದ್ದೆಯಲ್ಲೇ ಪ್ರಜ್ಞೆ ತಪ್ಪಬಹುದು. ಕಾರ್ಟ್ರಿಜ್‌ಗೆ ಪೆನ್ನೇ ಬೇಕು. ಅದೂ ಅಮ್ಮ ತಗೊಳ್ಳುವ ಇನ್ಸುಲಿನ್ನೇನಾ ಅಂತ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ತೆರೆಯದ್ದನ್ನು ಫ್ರಿಜ್ಜಿನ ಬಾಗಿಲಲ್ಲಿಡಿ, ಫ್ರೀಜರ್‌ನಲ್ಲಲ್ಲ. ಹೆಪ್ಪುಗಟ್ಟಿದ್ದು ಕರಗಿದರೂ ಕೆಲಸಕ್ಕೆ ಬಾರದು. ಬಳಸುತ್ತಿರುವುದು ಹೊರಗೆ ತಂಪಾದ ಜಾಗದಲ್ಲಿ ಸುಮಾರು ನಾಲ್ಕು ವಾರ ಇರುತ್ತದೆ. ಕರೆಂಟ್ ತುಂಬಾ ಹೊತ್ತು ಹೋದರೆ ಕವರಿಗೆ ಹಾಕಿ, ಒದ್ದೆ ಮರಳಿನ ಮೇಲೆ ಕೂರಿಸಿದ ಮಣ್ಣಿನ ಮಡಕೆಯೊಳಗಿಡಿ.

ಕಡೂರು ಸದಸ್ಯೆ: ಕೆಂಪೇ ಸಾರ್. ಕೈ ನಡುಗ್ತಿದೆ.

ಫಾರ್ಮಸಿಸ್ಟ್: ಕೊಟ್ಟಿಲ್ಲ ತಾನೇ? ನನಗೆ ಈಗಲೇ ಫೋನ್ ಮಾಡಿ.

ಶಿರಸಿ ಸದಸ್ಯ: ಫಾರ್ವರ್ಡ್ ಬಂದಿದೆ: ಕರ್ಪೂರ, ಓಮ, ಲವಂಗ ಗಂಟು ಕಟ್ಟಿ ಮೂಸಿದರೆ ಆಕ್ಸಿಜನ್ ಏರುತ್ತದೆ. ಎಲ್ಲರೂ ಮಾಡಿಟ್ಟುಕೊಳ್ಳಿ.

ಫಾರ್ಮಸಿಸ್ಟ್: ಏರಲ್ಲ. ಮಗು ಕರ್ಪೂರ ನುಂಗಿದರೆ ಫಿಟ್ಸ್ ಬರುತ್ತದೆ. ಮೂಗಿಗೆ ನಿಂಬೆರಸದ ಫಾರ್ವರ್ಡ್ ಇನ್ನೂ ಬಂದಿಲ್ವಾ?

ಶಿರಸಿ ಸದಸ್ಯ: ನಮ್ಮ ಅಜ್ಜಿ ಕಾಲದ್ದು ಸಾರ್. ನಿಮಗೆ ಮಾತ್ರೆ ಮಾರಬೇಕು, ಅಷ್ಟೇ.

ಮಂಗಳೂರು ಸದಸ್ಯೆ: ಅಜ್ಜಿ ಹತ್ತಿರ ಆಕ್ಸಿಮೀಟರ್ ಇತ್ತಾ?

ದಾವಣಗೆರೆ ಸದಸ್ಯೆ: ಮಗುವಿನ ಹಾಲಿನ ಪುಡಿ ಎಷ್ಟು ಡಬ್ಬ ಬೇಕಾಗಬಹುದು?

ಹುಬ್ಬಳ್ಳಿ ಸದಸ್ಯ: ನಾನು ಆಕ್ಸಿಜನ್ ಸಿಲಿಂಡರ್ ತಂದಿಟ್ಟಿದ್ದೀನಿ. ಮನೆಯಲ್ಲಿ ಯಾರಿಗೂ ಏನಿಲ್ಲ, ಮುಂಜಾಗ್ರತೆ.

ಮಂಗಳೂರು ಸದಸ್ಯೆ: ನಿಮ್ಮಂಥವರಿಂದಲೇ ಬೇಕಾದವರಿಗೆ ಸಿಗ್ತಿಲ್ಲ. ವಾಪಸ್ ಕೊಡಿ.

ಹುಬ್ಬಳ್ಳಿ ಸದಸ್ಯ: ನನ್ನ ದುಡ್ಡು, ನನ್ನ ಮನೆ. ನಿಮಗ್ಯಾಕೆ?

ಫಾರ್ಮಸಿಸ್ಟ್: ಕೊಟ್ಟುಬಿಡಿ. ರೆಗ್ಯುಲೇಟರ್ ಹಾಕೋಕೆ ಬರುತ್ತಾ ಮೊದಲು?

ಗದಗ ಸದಸ್ಯ: ಶುಗರ್ ಮಾತ್ರೆ ಆರು ತಿಂಗಳಿಗೆ ತರಲಾ?

ಫಾರ್ಮಸಿಸ್ಟ್: ಮೇಲೆ ಓದಿ.

ಹುಬ್ಬಳ್ಳಿ ಸದಸ್ಯ: ಪ್ರಶ್ನೆ ಕೇಳಿದರೆ ಹೀಗಾ ಉತ್ತರ?

ಅಡ್ಮಿನ್: ಸಾಕು. ಸಿಲಿಂಡರ್ ಜಗಳ ಪರ್ಸನಲ್ ಮೆಸೇಜಲ್ಲಿ ಮುಗಿಸಿಕೊಳ್ಳಿ.